ಕವಚದ ಗಾಡಿ, ಹಳಿಯ ಅಳತೆ

ಸಾಂಗಲಿ ಬಳಿಯ ಬುಧಗಾಂವ ಒಂದು ಕಾಲಕ್ಕೆ ಕಿರಿಯ ಮಿರಜ್ ಸಂಸ್ಥಾನದ ರಾಜಧಾನಿ. ಅದರ ಮಗ್ಗುಲಿನ ಮಾಧವನಗರ ನಿಲ್ದಾಣ ಬಿಟ್ಟ ಗಾಡಿ ಸ್ವಲ್ಪ ಹೊತ್ತಿನಲ್ಲೇ ಮಿರಜ್ ಜಂಕ್ಷನ್ ಮುಟ್ಟುತ್ತದೆ. 1971ರಲ್ಲಿ ಪುಣೆ ಕಡೆಯಿಂದ ಬ್ರಾಡ್‌ಗೇಜ್ ಬಂದ ಮೇಲೆ ಬಹುಕಾಲ ಮಿರಜ್‌ನಲ್ಲಿ ಮೂರು ಅಳತೆಯ ಹಳಿಗಳಿದ್ದವು. ಪುಣೆಗೆ 1,676 ಮಿಲಿಮೀಟರ್, ಬೆಳಗಾವಿ-ಹುಬ್ಬಳ್ಳಿಗೆ 1,000, ಪಂಢರಪುರ-ಕುರ್ಡುವಾಡಿಗೆ 762. ಮುಂಬೈಯಿಂದ ಹುಬ್ಬಳ್ಳಿಗೆ ಹೊರಟವರು ಇಲ್ಲಿ ಹಾಸಿಗೆ ಸುತ್ತಿ, ಟ್ರಂಕು ಹೊರಿಸಿಕೊಂಡು ಗಾಡಿ ಬದಲಿಸಲೇಬೇಕಿತ್ತು. ಗುಂಡು ತಾಗದ ಗಾಡಿಯಲ್ಲಿ ಓಡಾಡಿದ ಯುದ್ಧಕಾಲದ ನಾಯಕರನ್ನೂ ಹಳಿಯ ಅಳತೆ ಬಿಟ್ಟಿಲ್ಲ.

ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್‌ಗೆ ಈ ತಾಪತ್ರಯವಿರಲಿಲ್ಲ. ದೇಶದುದ್ದಕ್ಕೂ ಮುಖ್ಯಮಾರ್ಗಗಳದ್ದು ಒಂದೇ ಗೇಜು. ಅವರ ‘ಫರ್ಡಿನೆಂಡ್ ಮೆಗೆಲ್ಲನ್’ ಬೋಗಿಯನ್ನು 1942ರಲ್ಲಿ ಸಜ್ಜುಗೊಳಿಸಲಾಯಿತು. ಗೋಡೆ, ನೆಲ, ಚಾವಣಿಗೆ ಉಕ್ಕಿನ ತಗಡು. ಕಿಟಕಿಗೆ 3 ಅಂಗುಲ ದಪ್ಪದ ಗಾಜು. ಇಷ್ಟೆಲ್ಲ ಸೇರಿ ತೂಕ ಸುಮಾರು 129 ಟನ್‌ಗೆ ಏರಿತು. ಒಳಗೆ ಊಟದ ಕೋಣೆ, ಮಲಗುವ ಕೋಣೆಗಳು. ಅಪಾಯ ಬಂದರೆ ನುಸುಳಿ ಪಾರಾಗಲು ಬೇರೆಯೇ ಬಾಗಿಲುಗಳು.

ಹಿಟ್ಲರ್‌ನ ವಿಶೇಷ ರೈಲಿನ ಹೆಸರು ‘ಅಮೆರಿಕ’! ಆ ದೇಶದೊಡನೆ ಯುದ್ಧ ಶುರುವಾದ ಮೇಲೂ ಹೆಸರು ಹಾಗೇ ಇತ್ತು. 1943ರಲ್ಲಿ ‘ಬ್ರಾಂಡೆನ್‌ಬರ್ಗ್’ ಆಯಿತು. ಅದರಲ್ಲಿ ವಿಮಾನ ಹೊಡೆದುರುಳಿಸುವ ತೋಪುಗಳನ್ನು ಹೊತ್ತ ಬೋಗಿಗಳೂ ಇರುತ್ತಿದ್ದವು.

ನಿಜವಾದ ದರ್ಬಾರು ಸ್ಟಾಲಿನ್‌ದು. ವಿಮಾನವೆಂದರೆ ಆತನಿಗೆ ಅಷ್ಟಕ್ಕಷ್ಟೇ. 1945ರ ಜುಲೈನಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ಸಮಾವೇಶಕ್ಕೆ ರೈಲಿನಲ್ಲೇ ಹೊರಟ. ದಾರಿ 1,923 ಕಿಲೋಮೀಟರ್, ಕಾವಲಿಗೆ ಸುಮಾರು 17,000 ಸೈನಿಕರು. ಆದರೆ ರಷ್ಯಾದ ಹಳಿಯ ಅಗಲ 1,524 ಮಿಲಿಮೀಟರ್, ಜರ್ಮನಿಯದು 1,435. ಗಾಡಿ ಬದಲಿಸುವ ಮಾತೇ ಇಲ್ಲ. ಬರ್ಲಿನ್‌ವರೆಗಿನ ಹಳಿಯನ್ನೇ ರಷ್ಯಾದ ಅಳತೆಗೆ ತಿದ್ದಿಸಲಾಯಿತು. ಗೆದ್ದ ಸೇನೆ ಕೈಯಲ್ಲಿದ್ದವರಿಗಷ್ಟೇ ಒದಗುವ ಅನುಕೂಲವಿದು. ಆತನ 83 ಟನ್ನಿನ ಹಸಿರು ಬೋಗಿ ಈಗ ಹುಟ್ಟೂರಾದ ಜಾರ್ಜಿಯಾದ ಗೋರಿಯಲ್ಲಿ, ಮ್ಯೂಸಿಯಂ ಆವರಣದಲ್ಲಿ ನಿಂತಿದೆ.

ಉತ್ತರ ಕೊರಿಯಾದ ಕಿಮ್ ಮನೆತನ ಇಂದಿಗೂ ಕವಚದ ರೈಲನ್ನೇ ನಂಬಿದೆ. 2001ರಲ್ಲಿ ಕಿಮ್ ಜಾಂಗ್ ಇಲ್ ಮಾಸ್ಕೋಗೆ ಹೋದಾಗ ಜತೆಗಿದ್ದ ರಷ್ಯಾದ ಅಧಿಕಾರಿ ಪುಲಿಕೋವ್‌ಸ್ಕಿ ಆಮೇಲೆ ಆ ಪ್ರವಾಸದ ಬಗ್ಗೆ ಪುಸ್ತಕವನ್ನೇ ಬರೆದರು. ಅವರ ಪ್ರಕಾರ ಆ ಗಾಡಿಗೆ ಜೀವಂತ ಲಾಬ್‌ಸ್ಟರ್, ಫ್ರಾನ್ಸಿನ ವೈನ್ ಪೂರೈಕೆಯಾಗುತ್ತಿತ್ತು. ಉಕ್ಕಿನ ಭಾರದಿಂದ ಗಾಡಿಯ ವೇಗ ಮಾತ್ರ ಪ್ಯಾಸೆಂಜರ್ ಗಾಡಿಯದ್ದೇ.

2022ರ ಫೆಬ್ರುವರಿಯಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಹಾಗಾಗಿ 2023ರಲ್ಲಿ ಬೈಡನ್, 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ಪೋಲೆಂಡಿನ ಗಡಿಯೂರು ಪ್ಶೆಮಿಶ್ಲ್‌ನಿಂದ ಸುಮಾರು ಹತ್ತು ತಾಸು ರೈಲಿನಲ್ಲಿ ಸಾಗಿ ಕೀವ್ ತಲುಪಿದರು. ಉಕ್ರೇನಿನ ಅಗಲ ಹಳಿ ಆ ಊರಿನವರೆಗೂ ಬಂದಿರುವುದರಿಂದ ರಾತ್ರಿ ನಡುವೆ ಚಕ್ರ ಬದಲಿಸುವ ಕೆಲಸ ತಪ್ಪಿತು. ಗಣ್ಯರಿಗಾಗಿ ಓಡುವ ಮರದ ಒಳಗೆಲಸದ ಆ ಬೋಗಿಗಳನ್ನು ಮೊದಲಿಗೆ ಕಟ್ಟಿದ್ದು ಕ್ರಿಮಿಯಾಕ್ಕೆ ಹೋಗುವ ಶ್ರೀಮಂತ ಪ್ರವಾಸಿಗರಿಗೆ. 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡಿತು.