ಬರೆದವರು ಒಬ್ಬರು, ಕಟ್ಟಿಕೊಟ್ಟವರು ಇನ್ನೊಬ್ಬರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗೆಳೆಯರೇ, ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿದ್ದೀರಾ?

ನುಡಿ ತಂತ್ರಾಂಶ ಮೊದಲು ಬಂದದ್ದು ವಿಂಡೋಸ್‌ಗೆ. ಅದರ ಕೀಲಿಮಣೆಗೆ ಮೂಲ, ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಅದೇ ಕೀಲಿಮಣೆ ಇವತ್ತು ಲಿನಕ್ಸ್‌ನಲ್ಲೂ ಸಿಗುತ್ತದೆ. ತಂದವರು ಮುಕ್ತ ತಂತ್ರಾಂಶ ಬಳಗದವರು.

ಅಡಿಕೆ ಬೆಳೆಯುವವರು ಒಬ್ಬರು. ಸುಲಿದು, ಆರಿಸಿ, ಚೀಲ ತುಂಬುವವರು ಇನ್ನೊಬ್ಬರು. ತಂತ್ರಾಂಶದಲ್ಲಿ ಪ್ಯಾಕೇಜಿಂಗ್ ಅಂದರೂ ಇದೇ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬಳಕೆಗೆ ಸಿದ್ಧವಾಗಿ ಕಟ್ಟಿಕೊಡುವುದು.

1993ರಲ್ಲಿ ಶುರುವಾದ ಲಿನಕ್ಸ್ ವಿತರಣೆ ಡೆಬಿಯನ್‌ನಲ್ಲಿ ಕೆಲಸ ಹೀಗೆ: ಮೂಲ ಕೋಡ್ ತನ್ನಿ. ಅದಕ್ಕೆ ಏನೇನು ಬೇಕೆಂದು ಕಂಟ್ರೋಲ್ ಫೈಲಿನಲ್ಲಿ ಬರೆಯಿರಿ. ಹೇಗೆ ಕಟ್ಟಬೇಕೆಂಬುದು ರೂಲ್ಸ್ ಫೈಲಿನಲ್ಲಿ, ಲೈಸೆನ್ಸ್ ವಿವರ ಕಾಪಿರೈಟ್ ಫೈಲಿನಲ್ಲಿ.

ಮೂಲ ಡೆವಲಪರ್ ಕೈಜೋಡಿಸದಿದ್ದರೆ? ಮುಕ್ತ ಲೈಸೆನ್ಸೇ ನಿಮಗೆ ಅನುಮತಿ. ಹೆಸರಿನ ಹಕ್ಕು ಮಾತ್ರ ಬೇರೆ: 2006ರಿಂದ 2016ರವರೆಗೆ ಡೆಬಿಯನ್ ಫೈರ್‌ಫಾಕ್ಸನ್ನು ಐಸ್‌ವೀಸಲ್ ಎಂಬ ಹೆಸರಿನಲ್ಲಿ ಕೊಟ್ಟಿತು.

ಹೊಣೆಯೂ ನಿಮ್ಮದೇ. ದೋಷದ ದೂರು ಮೊದಲು ನೀವು ನೋಡಿ, ಸರಿಪಡಿಸಿ, ಆ ತಿದ್ದುಪಡಿಯನ್ನು ಮೂಲದವರಿಗೂ ಕಳಿಸಿ.

ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್‌ನಲ್ಲಿ ಸಿಗುವುದು ಹೀಗೆ ಕೂತು ಪ್ಯಾಕೇಜ್ ಕಟ್ಟಿದವರಿಂದ. ಮುಂದಿನ ಪ್ಯಾಕೇಜ್ ನಿಮ್ಮ ಕೈಯಿಂದ ಬರಲಿ.