ವಿದೇಶದಲ್ಲಿ ಎಂ.ಆರ್ಕ್ ಮಾಡಿದರೆ 50 ಲಕ್ಷದ ಸಾಲ ಎರಡೇ ವರ್ಷದಲ್ಲಿ ತೀರುತ್ತದೆಯೇ?

ಬಿ.ಆರ್ಕ್ ಓದುವ ಮಕ್ಕಳಿರುವ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಪದೇ ಪದೇ ಬರುತ್ತಿರುತ್ತದೆ. ಅಮೆರಿಕದಲ್ಲಿ ಆರ್ಕಿಟೆಕ್ಟ್‌ಗಳ ಸಂಬಳ ವರ್ಷಕ್ಕೆ 80 ಲಕ್ಷ, ಅಲ್ಲಿ ಎರಡು ವರ್ಷದ ಎಂ.ಆರ್ಕ್ ಮಾಡಿದರೆ ಕೆಲಸ ಖಚಿತ, ಸಾಲ ಎರಡೇ ವರ್ಷದಲ್ಲಿ ತೀರುತ್ತದೆ ಎಂಬುದು ಅದರ ಸಾರ. ಕೊನೆಯಲ್ಲಿ ಯಾವುದೋ ಕನ್ಸಲ್ಟೆನ್ಸಿಯ ಫೋನ್ ನಂಬರ್. ಇದರಲ್ಲಿ ಶುದ್ಧ ಸುಳ್ಳು ಕಡಿಮೆ, ಅರ್ಧ ನಿಜ ಹೆಚ್ಚು. ಆ ಅರ್ಧ ನಿಜವನ್ನು ನಂಬಿ ಅಪ್ಪ-ಅಮ್ಮ ಇರುವ ಒಂದು ಸೈಟನ್ನೂ ಬ್ಯಾಂಕಿಗೆ ಅಡವಿಡುತ್ತಾರೆ. ಆದ್ದರಿಂದ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

ಮೊದಲು ಸಂಬಳ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರಲ್ಲಿ ಅಲ್ಲಿನ ಆರ್ಕಿಟೆಕ್ಟ್‌ಗಳ ವಾರ್ಷಿಕ ಸಂಬಳದ ಮಧ್ಯಾಂಕ ಸುಮಾರು 96 ಸಾವಿರ ಡಾಲರ್. ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಗಳಿಸುತ್ತಾರೆ, ಇನ್ನರ್ಧ ಜನ ಕಡಿಮೆ. ಸಂದೇಶದ 80 ಲಕ್ಷ ಬಂದದ್ದು ಇಂಥ ಅಂಕಿಯಿಂದಲೇ ಇರಬೇಕು. ಆದರೆ ಆ ಲೆಕ್ಕದಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದವರೂ ಇದ್ದಾರೆ. ನಿನ್ನೆ ಮೊನ್ನೆ ಓದು ಮುಗಿಸಿದವರಿಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ತೆರಿಗೆ, ಮನೆ ಬಾಡಿಗೆ, ಆರೋಗ್ಯ ವಿಮೆ ಎಲ್ಲವೂ ಅದರಲ್ಲೇ ಆಗಬೇಕು.

ಇನ್ನು, ಎಂ.ಆರ್ಕ್ ಮಾಡಿದ ಕೂಡಲೇ ಅಮೆರಿಕದಲ್ಲಿ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಲು ಆಗುವುದಿಲ್ಲ. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಐದು ವರ್ಷದ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡರೆ ಸಾಕು. ಅಲ್ಲಿ ಲೈಸೆನ್ಸ್ ಬೇಕು. ಅದಕ್ಕೆ ಮಾನ್ಯತೆ ಪಡೆದ ಪದವಿ, 3,740 ಗಂಟೆಗಳ ದಾಖಲಾದ ಕೆಲಸದ ಅನುಭವ ಮತ್ತು ಆರು ಭಾಗಗಳ ಪರೀಕ್ಷೆ, ಇವು ಸಾಮಾನ್ಯ ದಾರಿ. ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನಾಬ್.

ಬಿ.ಆರ್ಕ್ ಆದವರಿಗೆಂದೇ ಒಂದು ಅಥವಾ ಎರಡು ವರ್ಷದ ‘ಪೋಸ್ಟ್ ಪ್ರೊಫೆಷನಲ್’ ಕೋರ್ಸುಗಳಿರುತ್ತವೆ. ನಮ್ಮ ಹೆಚ್ಚಿನ ವಿದ್ಯಾರ್ಥಿಗಳು ಸೇರುವುದು ಇವಕ್ಕೇ. ಸಾಮಾನ್ಯವಾಗಿ ಇವಕ್ಕೆ ನಾಬ್ ಮಾನ್ಯತೆ ಇರುವುದಿಲ್ಲ, ಏಕೆಂದರೆ ನಾಬ್ ಮಾನ್ಯತೆ ಕೊಡುವುದು ಲೈಸೆನ್ಸಿಗೆ ಬೇಕಾದ ಮೂಲ ವೃತ್ತಿಪದವಿಗೆ. ಹಾಗೆಂದು ಈ ಕೋರ್ಸುಗಳು ಕಳಪೆ ಎಂದಲ್ಲ. ಇಂಥದ್ದನ್ನು ಮಾಡಿದವರು ಭಾರತದ ಬಿ.ಆರ್ಕ್ ಅನ್ನೇ ಮೌಲ್ಯಮಾಪನ ಮಾಡಿಸಿ ಲೈಸೆನ್ಸ್ ದಾರಿ ಹಿಡಿಯುವುದುಂಟು. ಆದರೆ ‘ಲೈಸೆನ್ಸ್ ಸಿಗುತ್ತದೆ’ ಎಂದು ನಂಬಿ ಕೋಟಿ ಸುರಿಯುವವರಿಗೆ ಇದನ್ನು ಮೊದಲೇ ಹೇಳಬೇಕಲ್ಲವೇ?

ಬ್ರಿಟನ್‌ನಲ್ಲೂ ಇದೇ ಕಥೆ. ಅಲ್ಲಿ ‘ಆರ್ಕಿಟೆಕ್ಟ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ಕೋರ್ಸಿನ ಹೆಸರಿನಲ್ಲಿ ಆರ್ಕಿಟೆಕ್ಚರ್ ಎಂದಿದ್ದ ಮಾತ್ರಕ್ಕೆ ಅದು ನೋಂದಣಿಗೆ ಎಣಿಕೆಗೆ ಬರುವ ಪದವಿ ಆಗಿರಬೇಕೆಂದಿಲ್ಲ. ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ಅವಕಾಶವೂ 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ 18 ತಿಂಗಳಿಗೆ ಇಳಿಯುತ್ತದೆ.

ವೀಸಾ ನಿಂತಿರುವುದು ಒಂದು ಸಂಖ್ಯೆಯ ಮೇಲೆ

ಅಮೆರಿಕದಲ್ಲಿ ಓದು ಮುಗಿಸಿದವರಿಗೆ ಒಂದು ವರ್ಷ ಕೆಲಸ ಮಾಡಲು ಅವಕಾಶವಿದೆ. ಇದನ್ನು ಒಪಿಟಿ ಎನ್ನುತ್ತಾರೆ. ವಿಜ್ಞಾನ, ತಂತ್ರಜ್ಞಾನ ವಿಷಯಗಳ (ಸ್ಟೆಮ್) ಪದವಿಯಾದರೆ ಇನ್ನೂ 24 ತಿಂಗಳು ವಿಸ್ತರಣೆ ಕೇಳಬಹುದು, ಒಟ್ಟು ಮೂರು ವರ್ಷ. ಆರ್ಕಿಟೆಕ್ಚರ್ ಸ್ಟೆಮ್ ಹೌದೋ ಅಲ್ಲವೋ? ಎರಡೂ! ಪ್ರತಿ ಕೋರ್ಸಿಗೂ ವಿಶ್ವವಿದ್ಯಾಲಯ ಒಂದು ಸಿಐಪಿ ಕೋಡ್ ಕೊಟ್ಟಿರುತ್ತದೆ. 04.0201 ಎಂದರೆ ಬರೀ ಆರ್ಕಿಟೆಕ್ಚರ್, ಅದು ಸ್ಟೆಮ್ ಪಟ್ಟಿಯಲ್ಲಿಲ್ಲ. 04.0902 ಎಂದರೆ ಕಟ್ಟಡ ವಿಜ್ಞಾನ ಮತ್ತು ತಂತ್ರಜ್ಞಾನ, ಅದು ಪಟ್ಟಿಯಲ್ಲಿದೆ. ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಕೋರ್ಸುಗಳಲ್ಲಿ ಒಂದು ಮೂರು ವರ್ಷದ ದುಡಿಮೆಗೆ ದಾರಿಯಾದರೆ, ಇನ್ನೊಂದು ಒಂದೇ ವರ್ಷಕ್ಕೆ ಮನೆಗೆ ಕಳಿಸಬಹುದು. ಈ ಕೋಡ್ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಇರುತ್ತದೆ. ಫೀಸು ಕಟ್ಟುವ ಮೊದಲು ಇಮೇಲ್ ಮಾಡಿ ಕೇಳಿದರೂ ಹೇಳುತ್ತಾರೆ. ಅದಾದ ಮೇಲಿನ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 85 ಸಾವಿರದ ಮಿತಿ ಇದೆ, ಅರ್ಜಿಗಳು ಅದನ್ನು ಮೀರಿ ಬರುತ್ತವೆ. ಅದನ್ನು ಯಾರೂ ಗ್ಯಾರಂಟಿ ಕೊಡಲಾರರು, ಕನ್ಸಲ್ಟೆನ್ಸಿಯವರಂತೂ ಅಲ್ಲವೇ ಅಲ್ಲ.

ಈಗ ಸಾಲದ ಲೆಕ್ಕ

ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಒಟ್ಟು ಖರ್ಚು ಒಂದೂವರೆ ಕೋಟಿ ದಾಟುವುದೂ ಇದೆ. ನಾವು 50 ಲಕ್ಷದ ಸಾಲವನ್ನೇ ಹಿಡಿಯೋಣ. ಬಡ್ಡಿ ಶೇ. 11 ಎಂದಿಟ್ಟುಕೊಳ್ಳಿ. ಮೊದಲ ವರ್ಷ 25 ಲಕ್ಷ, ಎರಡನೇ ವರ್ಷ 25 ಲಕ್ಷ ತೆಗೆದಿರಿ. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ನಿಜ. ಆದರೆ ಬಡ್ಡಿ ನಿಂತಿರುವುದಿಲ್ಲ. ಬರೀ ಸರಳ ಬಡ್ಡಿ ಹಾಕಿದರೂ ಆ ಮೂರು ವರ್ಷದಲ್ಲಿ 13.75 ಲಕ್ಷ ಬೆಳೆದಿರುತ್ತದೆ. ಮೊದಲ ಕಂತು ಕಟ್ಟುವ ಹೊತ್ತಿಗೆ ನಿಮ್ಮ ಸಾಲ 50 ಲಕ್ಷವಲ್ಲ, 63.75 ಲಕ್ಷ.

ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 87,800 ರೂಪಾಯಿ ಕಂತು. 15 ವರ್ಷವಾದರೆ ಸುಮಾರು 72,500. ಅವಧಿ ಹೆಚ್ಚಿಸಿದರೆ ಕಂತೇನೋ ಹಗುರವಾಗುತ್ತದೆ, ಆದರೆ ಒಟ್ಟು ಕಟ್ಟುವ ಹಣ 1.05 ಕೋಟಿಯಿಂದ 1.30 ಕೋಟಿಗೆ ಏರುತ್ತದೆ.

ಡಾಲರ್‌ಗೆ 90 ರೂಪಾಯಿ ಎಂದು ಹಿಡಿದರೆ 87,800 ಎಂದರೆ ಸಾವಿರ ಡಾಲರ್ ಹತ್ತಿರ. ಅಲ್ಲೇ ಕೆಲಸವಿದ್ದು, ಇಬ್ಬರು ಮೂವರು ಸೇರಿ ಮನೆ ಮಾಡಿಕೊಂಡರೆ ಕಟ್ಟಬಹುದು. ರೂಪಾಯಿ ಕುಸಿದಷ್ಟೂ ಡಾಲರ್ ದುಡಿಯುವವರಿಗೆ ಅನುಕೂಲವೇ. ಆದರೆ ಮೂರು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿ, ವೀಸಾ ಸಿಗದೆ ಊರಿಗೆ ಬಂದಿರಿ ಎನ್ನಿ. ಆಗ ಕಟ್ಟಿರುವುದು 31 ಲಕ್ಷಕ್ಕೂ ಹೆಚ್ಚು. ಬಾಕಿ ಎಷ್ಟು? ಸುಮಾರು 51 ಲಕ್ಷ. ತೆಗೆದುಕೊಂಡ ಅಸಲಿಗಿಂತ ಜಾಸ್ತಿ! ಹೊಸಬರಿಗೆ ತಿಂಗಳಿಗೆ 25-30 ಸಾವಿರವೇ ಹೆಚ್ಚು ಎನ್ನುವ ಆರ್ಕಿಟೆಕ್ಟ್ ಕಚೇರಿಗಳು ಬೆಂಗಳೂರಿನಲ್ಲಿ ಈಗಲೂ ಇವೆ. ವಿದೇಶದ ಅನುಭವಕ್ಕೆ ಅದರ ಎರಡು, ಮೂರು ಪಟ್ಟು ಕೊಟ್ಟರೂ ಸಂಬಳ ಬಹುತೇಕ ಕಂತಿಗೇ ಹೋಗುತ್ತದೆ. ಸಾಲ ಎರಡೇ ವರ್ಷದಲ್ಲಿ ತೀರುತ್ತದೆ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ನಾವು ಕೇಳಬೇಕೆನ್ನುವ ಪ್ರಶ್ನೆ ‘ಅಲ್ಲಿ ಎಷ್ಟು ಸಂಬಳ?’ ಎಂಬುದಲ್ಲ, ‘ನಾಳೆಯೇ ಊರಿಗೆ ವಾಪಸ್ ಬಂದರೆ ಈ ಕಂತು ಕಟ್ಟಲಾದೀತೇ?’ ಎಂಬುದು. ಏಕೆಂದರೆ ಸಾಲಕ್ಕೆ ಸಹಿ ಹಾಕುವುದು ಮಗಳೊಬ್ಬಳೇ ಅಲ್ಲ. ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿರುತ್ತಾರೆ. ಕಂತು ತಪ್ಪಿದರೆ ಅವರ ಸಿಬಿಲ್ ಅಂಕವೂ ಬೀಳುತ್ತದೆ, ಅಡವಿಟ್ಟ ಆಸ್ತಿಯ ಮೇಲೆ ಬ್ಯಾಂಕ್ ಕ್ರಮಕ್ಕೂ ಇಳಿಯಬಹುದು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿರುವವರು ಇದನ್ನು ಎರಡು ಸಲ ಯೋಚಿಸಲೇಬೇಕು.

ಹಾಗಾದರೆ ಹೋಗಲೇಬಾರದೇ? ಹಾಗೇನಿಲ್ಲ. ಕಟ್ಟಡಗಳ ಇಂಧನ ಬಳಕೆ, ಮುಂಭಾಗದ ಗಾಜಿನ ಎಂಜಿನಿಯರಿಂಗ್, ಹಳೆಯ ಕಟ್ಟಡಗಳ ಸಂರಕ್ಷಣೆಯಂಥ ನಿರ್ದಿಷ್ಟ ವಿದ್ಯೆ ಕಲಿಯಲು, ಶಿಷ್ಯವೇತನ ಸಿಕ್ಕಿದ್ದರೆ, ಖಂಡಿತ ಹೋಗಬಹುದು. ಬರೀ ‘ಫಾರಿನ್ ಡಿಗ್ರಿ’ ಎಂಬ ಹೆಸರಿಗಾದರೆ ಸಾಲ ಮಾಡುವಂಥದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಬಿ.ವಿ. ದೋಶಿ ಅವರು ವಿದೇಶದಲ್ಲಿ ಪಳಗಿದ್ದು ಲ ಕಾರ್ಬೂಸಿಯೆ ಅವರ ಪ್ಯಾರಿಸ್ ಕಚೇರಿಯಲ್ಲಿ ದುಡಿದು. ಇದರಿಂದ ಏನೂ ಸಾಬೀತಾಗುವುದಿಲ್ಲ, ಸುಮ್ಮನೆ ನೆನಪಾಯಿತು.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ಶುರುಮಾಡಿದೆ. ವೀಸಾಕ್ಕೆ ವರ್ಷದ ಜೀವನ ವೆಚ್ಚವಾಗಿ 11,904 ಯೂರೋ ಖಾತೆಯಲ್ಲಿ ತೋರಿಸಬೇಕು. ಅಲ್ಲಿನ ಕಚೇರಿಗಳಲ್ಲಿ ಕೆಲಸ ಬೇಕೆಂದರೆ ಜರ್ಮನ್ ಭಾಷೆ ಬರಬೇಕು, ಅದಕ್ಕೂ ಸಮಯ ಎತ್ತಿಡಿ. ಇಲ್ಲೇ ಓದುವುದಾದರೆ ದೆಹಲಿಯ ಎಸ್‌ಪಿಎ, ಅಹಮದಾಬಾದಿನ ಸೆಪ್ಟ್, ಐಐಟಿ ರೂರ್ಕಿ ಇವೆ. ಗೇಟ್ ಪರೀಕ್ಷೆಯಲ್ಲಿ ಆರ್ಕಿಟೆಕ್ಚರ್‌ಗೆ ಪ್ರತ್ಯೇಕ ಪತ್ರಿಕೆಯೇ ಇದೆ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಾಲಕ್ಕೆ ಮೊದಲು ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ಸಾಲ ಮಾಡಲೇಬೇಕಾಗಿ ಬಂದರೆ, ಓದುವಾಗಲೇ ಬಡ್ಡಿಯನ್ನಾದರೂ ಕಟ್ಟಲು ಸಾಧ್ಯವೇ ನೋಡಿ. ಮೇಲಿನ ಲೆಕ್ಕದಲ್ಲಿ ಅದು ಮೊದಲ ವರ್ಷ ತಿಂಗಳಿಗೆ ಸುಮಾರು 23 ಸಾವಿರ, ಎರಡನೇ ವರ್ಷದಿಂದ 46 ಸಾವಿರ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಸ್ವಲ್ಪ ರಿಯಾಯಿತಿಯನ್ನೂ ಕೊಡುತ್ತವೆ. ಕಟ್ಟಿದ ಬಡ್ಡಿಗೆ 80ಇ ಅಡಿಯಲ್ಲಿ ಎಂಟು ವರ್ಷ ತೆರಿಗೆ ವಿನಾಯಿತಿ ಎಂದು ಏಜೆಂಟರು ಹೇಳುತ್ತಾರೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.