ದರೋಜಿಯ ಕರಡಿಯೂ ಕಟ್ಟು ಹರಿದ ಹಸಿವೂ

ಹಂಪಿಗೆ ಸಮೀಪದಲ್ಲಿ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯ ಬಂಡೆಗುಡ್ಡ ಹಾಗೂ ಕುರುಚಲು ಕಾಡುಗಳ ನಡುವೆ ದರೋಜಿ ಕರಡಿಧಾಮವು 1994ರಲ್ಲಿ ರೂಪುಗೊಂಡಿತು. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಸವರುವ ಬೆಲ್ಲದ ಪಾಕವನ್ನು ಇಳಿಹೊತ್ತಿನಲ್ಲಿ ಹೊರಬರುವ ಕರಡಿಗಳು ಕಲ್ಲು ಬರಿದಾಗುವವರೆಗೆ ನೆಕ್ಕುವುದನ್ನು ಕಾವಲುಗೋಪುರದಿಂದ ನೋಡುವವರಿಗೆ, ಹೊಟ್ಟೆಬಾಕತನಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡವೆನಿಸುವುದು ಸಹಜ. ಆದರೆ ಕರಡಿಯ ಈ ಆತುರಕ್ಕೆ ಅದರ ಬದುಕಿನಲ್ಲಿಯೇ ಸ್ಪಷ್ಟವಾದ ಕಾರಣವಿದೆ.

ಈ ಕರಡಿಯ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದಿರುವುದರಿಂದ ಅಲ್ಲಿ ಒಂದು ಕಿಂಡಿ ಉಂಟಾಗಿದ್ದು, ಉದ್ದನೆಯ ತುಟಿಗಳನ್ನು ಕೊಳವೆಯಂತೆ ಚಾಚಿ, ಮಣ್ಣು ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹುತ್ತದೊಳಗಿನ ಗೆದ್ದಲನ್ನು ಅದು ಸದ್ದುಮಾಡುತ್ತ ಹೀರುತ್ತದೆ. ಬಾರೆ, ಕವಳೆ, ನೇರಳೆ, ಸೀತಾಫಲಗಳು ಸಿಗುವುದು ಆಯಾ ಋತುವಿನಲ್ಲಿ ಮಾತ್ರವಾದ್ದರಿಂದ, ಸಿಕ್ಕಾಗ ತಿನ್ನುವುದು ಅದಕ್ಕೆ ಬದುಕುವ ದಾರಿ. ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ ಶೀತದೇಶಗಳ ಕರಡಿಗಳಂತೂ ಅದಕ್ಕೆ ಮೊದಲು ದಿನಕ್ಕೆ 20 ಸಾವಿರ ಕಿಲೋಕ್ಯಾಲೊರಿಯಷ್ಟು ತಿಂದು ಕೊಬ್ಬು ಶೇಖರಿಸಬಲ್ಲವು. ಋತು ಮುಗಿದೊಡನೆ ಆ ಹಸಿವೂ ಅಡಗುತ್ತದೆ.

ಮನುಷ್ಯನಲ್ಲಿ ‘ಬಿಂಜ್ ಈಟಿಂಗ್’ ಎಂದು ಕರೆಯಲಾಗುವ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಅಲ್ಪ ಅವಧಿಯಲ್ಲಿ ಅಸಾಧಾರಣ ಪ್ರಮಾಣದ ಆಹಾರವನ್ನು ತಿನ್ನುವುದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಬಳಿಕ ತೀವ್ರ ಸಂಕಟಪಡುವುದು ಇದರ ಲಕ್ಷಣಗಳು. ಹಬ್ಬದ ಪಂಕ್ತಿಯಲ್ಲಿ ನಾಲ್ಕು ಹೋಳಿಗೆ ಹೆಚ್ಚು ತಿಂದವನು ರೋಗಿಯಲ್ಲ. ಹಿಡಿತ ತಪ್ಪಿದ ಭಾವ, ಮರೆಯಲ್ಲಿ ತಿನ್ನುವ ನಾಚಿಕೆ ಇವು ರೋಗವನ್ನು ಗುರುತಿಸಲು ನೆರವಾಗುತ್ತವೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ 1959ರಲ್ಲಿ ವಿವರಿಸಿದ ಈ ಸ್ಥಿತಿಯನ್ನು ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ.

ದೇಹದ ಕಡೆಯಿಂದ ನೋಡಿದರೆ, ಕೊಬ್ಬಿನ ಜೀವಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು ‘ಶೇಖರಣೆ ಸಾಕಷ್ಟಿದೆ’ ಎಂದು ಮಿದುಳಿನ ಹೈಪೋಥಲಾಮಸ್ ಭಾಗಕ್ಕೆ ತಿಳಿಸಿದರೆ, ಜಠರದಲ್ಲಿ ಹುಟ್ಟುವ ಗ್ರೆಲಿನ್ ಹಸಿವನ್ನು ಸಾರುತ್ತದೆ. ಪಥ್ಯದಿಂದ ತೂಕ ಇಳಿದಾಗ ಲೆಪ್ಟಿನ್ ಕುಸಿದು ಗ್ರೆಲಿನ್ ಏರುವುದರಿಂದ, ಸ್ವಂತ ಇಚ್ಛೆಯಿಂದ ಊಟ ಬಿಟ್ಟವನ ದೇಹವೂ ಬರಗಾಲ ಬಂತೆಂದೇ ಭಾವಿಸುತ್ತದೆ. ಸಾಲದ್ದಕ್ಕೆ ಸಿಹಿ ಮತ್ತು ಜಿಡ್ಡಿನ ತಿನಿಸುಗಳು, ಬಯಕೆಯನ್ನು ಪ್ರಚೋದಿಸುವ ಡೋಪಮಿನ್ ಜಾಲವನ್ನು ಕೆರಳಿಸುತ್ತವೆ; ಆನುವಂಶಿಕ ಒಲವೂ ನಿದ್ರಾಹೀನತೆಯೂ ಇದಕ್ಕೆ ಜೊತೆಯಾಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮಿನೆಸೋಟದಲ್ಲಿ 36 ಆರೋಗ್ಯವಂತ ಸ್ವಯಂಸೇವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ನಡೆಸಿದಾಗ, ನಿರ್ಬಂಧ ತೆರವಾದ ಮೇಲೆ ಅವರಲ್ಲಿ ಕೆಲವರು ಎಷ್ಟು ಉಂಡರೂ ತೃಪ್ತಿ ಕಾಣದಾದರು.

ಮನಸ್ಸಿನ ಪಾತ್ರವೂ ಕಡಿಮೆಯದಲ್ಲ. ಆತಂಕ, ಖಿನ್ನತೆ, ಒಂಟಿತನಗಳ ನಡುವೆ ತಿನ್ನುವುದು ಕ್ಷಣಕಾಲದ ಮರೆವನ್ನು ಒದಗಿಸುತ್ತದೆ. ಬೆಳಗಿನಿಂದ ಹೊಟ್ಟೆ ಕಟ್ಟಿದವನು ಸಂಜೆ ಒಂದು ಮಿರ್ಚಿಯನ್ನು ಬಾಯಿಗಿಟ್ಟೊಡನೆ ‘ನೇಮ ಹೇಗೂ ಮುರಿಯಿತು’ ಎಂದುಕೊಂಡು ಒಗ್ಗಾಣಿ ತಟ್ಟೆಗಳನ್ನು ಸಾಲಾಗಿ ಬರಿದುಮಾಡುವುದು, ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ಮರುದಿನ ಇನ್ನಷ್ಟು ಕಠಿಣವಾಗಿ ಉಪವಾಸ ಮಾಡುವುದು, ಆ ಉಪವಾಸವೇ ಮುಂದಿನ ಅತಿಭಕ್ಷಣಕ್ಕೆ ನೆಲ ಹದಮಾಡುವುದು — ಹೀಗೆ ಚಕ್ರ ಸುತ್ತುತ್ತದೆ. ಕರಡಿಗೆ ಕೊರತೆಯನ್ನು ತರುವುದು ಋತು. ಮನುಷ್ಯನು ಅದನ್ನು ಎಷ್ಟೋ ಸಲ ತಾನೇ ತಂದುಕೊಳ್ಳುತ್ತಾನೆ, ಮೇಲೆ ನಾಚಿಕೆಯನ್ನೂ ಹೊರುತ್ತಾನೆ.

ಆದ್ದರಿಂದಲೇ ಚಿಕಿತ್ಸೆಯಲ್ಲಿ ಕಟ್ಟುನಿಟ್ಟಿನ ಉಪವಾಸಕ್ಕೆ ಬದಲಾಗಿ ಹೊತ್ತುಹೊತ್ತಿನ ಊಟಕ್ಕೂ, ಯೋಚನೆ ಮತ್ತು ವರ್ತನೆಗಳ ಕೊಂಡಿಯನ್ನು ತಿದ್ದುವ ಆಪ್ತಸಮಾಲೋಚನೆಗೂ ಪ್ರಾಶಸ್ತ್ಯವಿದೆ. ಅದಕ್ಕೂ ಮೊದಲು ಬೇಕಾದುದು, ದೂಷಿಸದೆ ಕಾರಣವನ್ನು ಅರಸುವ ಮನಸ್ಸು. ಹಂಪಿ–ಆನೆಗೊಂದಿಯ ಪರಿಸರವನ್ನೇ ಕಿಷ್ಕಿಂಧೆಯೆಂದು ನಂಬುವ ಜನರಿಗೆ ರಾಮಾಯಣದ ಮಧುವನದ ಪ್ರಸಂಗ ಹೊಸದಲ್ಲ: ಸೀತೆಯನ್ನರಸಿ ಬಳಲಿ, ಗಡುವು ಮೀರಿತೆಂದು ಅನ್ನನೀರು ತೊರೆದು ಸಾಯಲೂ ಕುಳಿತಿದ್ದ ಕಪಿಗಳು ಕಾರ್ಯ ಕೈಗೂಡಿದ ಮೇಲೆ ಜೇನಿನ ತೋಟಕ್ಕೆ ನುಗ್ಗಿದಾಗ, ಕಾವಲುಗಾರ ದಧಿಮುಖನ ದೂರು ಕೇಳಿದ ಸುಗ್ರೀವನು ದಂಡಿಸಲು ಹೊರಡದೆ, ಆ ಮಿತಿಮೀರಿದ ವರ್ತನೆಯ ಹಿಂದಿನ ಕಾರಣವನ್ನು ಊಹಿಸಿದನು. ಹಿಡಿತ ತಪ್ಪಿ ತಿನ್ನುವವರ ಮನೆಮಂದಿಯೂ ವೈದ್ಯರೂ ಮೊದಲು ಮಾಡಬೇಕಾದುದು ಅದನ್ನೇ.